ಡ್ರಿಪ್ ಗಾಲಿ ತಿರುಗಿಸಿದವರು

ಜೂನ್ 4

ಪ್ರೀತಿಯ ಮಗಳಿಗೆ,

ನೀನಿರುವ ಸುರಂಗದ ಕೆಲಸದ ಜಾಗಕ್ಕೆ ಫೋನು ಹತ್ತುವುದಿಲ್ಲ, ವಾರಕ್ಕೊಮ್ಮೆ ದಿನಸಿ ಲಾರಿಯಲ್ಲಿ ಟಪಾಲು ಬರುತ್ತದೆ ಎಂದು ಬರೆದಿದ್ದೆ. ಅದೇ ಒಳ್ಳೆಯದಾಯಿತು ಬಿಡು. ಫೋನಿನಲ್ಲಾದರೆ ನಾನಾಡುವ ಮಾತು ಅಡುಗೆಮನೆಯವರೆಗೆ ಕೇಳುತ್ತದೆ, ಅಡುಗೆಮನೆಯಲ್ಲಿ ಯಾರಿರುತ್ತಾರೆ ಎಂದು ನಿನಗೆ ಗೊತ್ತು.

ಮೊದಲು ಕಾಲಿನ ವಿಷಯ. ನಾನು ರಿಟೈರ್ ಆದಾಗ ತೂಕ ಮತ್ತು ಅಳತೆ ಕಚೇರಿಯವರು ನೆನಪಿಗೆಂದು ಒಂದು ಕಬ್ಬಿಣದ ತೂಕದ ಕಲ್ಲು ಕೊಟ್ಟಿದ್ದರಲ್ಲ, ಅದನ್ನು ಬಾಗಿಲಿಗೆ ಒತ್ತು ಕೊಟ್ಟಿದ್ದೆ. ಎತ್ತಿಡಲು ಹೋಗಿ ಕಾಲ ಮೇಲೆ ಹಾಕಿಕೊಂಡೆ. ಗಾಯ ಸಣ್ಣದು, ಯಾರಿಗೂ ಹೇಳಲಿಲ್ಲ. ಸಕ್ಕರೆ ಕಾಯಿಲೆಯವನ ಕಾಲು, ಸುಮ್ಮನಿರುತ್ತದೆಯೇ? ಕೀವಾಯಿತು, ಸೋಂಕು ಮೂಳೆಗಿಳಿಯಿತು. ಡಾಕ್ಟರಮ್ಮ ಮೂಳೆಯ ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ಹಟಮಾರಿ ಬ್ಯಾಕ್ಟೀರಿಯಾವಂತೆ, ಮಾಮೂಲಿ ಮಾತ್ರೆಗಳಿಗೆ ಬಗ್ಗುವುದಿಲ್ಲವಂತೆ. ಹಾಗಾಗಿ ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯೋಟಿಕ್ಕನ್ನು ನೇರವಾಗಿ ರಕ್ತನಾಳಕ್ಕೇ ಕೊಡಬೇಕು, ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಕಳೆದ ಮೇಲೆ ಇನ್ನೊಂದು ಸಲ, ಹೀಗೆ ಆರು ವಾರ. ತೋಳಿನಲ್ಲಿ ಒಂದು ಸಣ್ಣ ಕೊಳವೆ ಕೂರಿಸಿದ್ದಾರೆ, ಅದು ತೆಗೆಯುವವರೆಗೂ ಅಲ್ಲೇ ಇರುತ್ತದೆ.

ಆರು ವಾರ ಆಸ್ಪತ್ರೆಯಲ್ಲೇ ಮಲಗುತ್ತೇನೆ ಎಂದೆ. "ಯಾಕೆ ಸ್ವಾಮಿ, ನಿಮ್ಮ ಸೊಸೇನೇ ನರ್ಸು. ಮನೇಲೇ ಹಾಕ್ತಾರೆ, ನೀವು ಆರಾಮಾಗಿ ಕುರ್ಚೀಲಿ ಕೂತ್ಕೊಳ್ಳಿ" ಎಂದು ಕಳಿಸಿಬಿಟ್ಟರು. ನಿನ್ನ ತಮ್ಮನೂ ಕೋಲೆ ಬಸವನ ಹಾಗೆ ತಲೆಯಾಡಿಸಿದ. ಅವನಿಗೇನು, ಕೋಲ್ಡ್ ಸ್ಟೋರೇಜಿನ ಪಾಳಿ ಮುಗಿಸಿ ಬಂದರೆ ಮಲಗುತ್ತಾನೆ, ಎದ್ದರೆ ಮತ್ತೆ ಪಾಳಿ.

ಈಗ ನಮ್ಮ ನರ್ಸಮ್ಮನ ದರ್ಬಾರು ನೋಡು. ಕೈ ತೊಳೆಯುವುದೇ ಒಂದು ನಾಟಕ. ಆಮೇಲೆ ಮೇಜು ಒರೆಸುತ್ತಾಳೆ, ಕೊಳವೆಯ ಬಾಯನ್ನು ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಉಜ್ಜುತ್ತಾಳೆ, ಔಷಧಿಯ ಪುಡಿಯನ್ನು ಸಲೈನಿಗೆ ಬೆರೆಸುತ್ತಾಳೆ. ಬೆರೆಸುವಾಗ ನನ್ನ ಕಡೆಗೆ ಬೆನ್ನು! "ಮಾತಾಡಿಸಬೇಡಿ ಮಾವ, ಉಸಿರು ತಾಗಬಾರ್ದು" ಎನ್ನುತ್ತಾಳೆ. ಮೂವತ್ತು ವರ್ಷ ಅಂಗಡಿ ಅಂಗಡಿ ಸುತ್ತಿದವನು ನಾನು. ಗಿರಾಕಿಗೆ ಬೆನ್ನು ಹಾಕಿ ತೂಗುವವನು ಏನು ಮಾಡುತ್ತಿರುತ್ತಾನೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಡ್ರಿಪ್ಪು. ಕೊಳವೆಗೆ ಒಂದು ಪುಟ್ಟ ಗಾಲಿ ಇದೆ, ಅದನ್ನು ಮೇಲೆ ತಳ್ಳಿದರೆ ಹನಿ ಜೋರು, ಕೆಳಗೆ ತಳ್ಳಿದರೆ ನಿಧಾನ. ಅವಳು ಅದನ್ನು ಎಷ್ಟು ಬಿಗಿ ಮಾಡುತ್ತಾಳೆಂದರೆ ಒಂದು ಬಾಟಲಿ ಇಳಿಯಲು ಎರಡು ಗಂಟೆ. ಎರಡು ಗಂಟೆ ನಾನು ಕಟ್ಟಿಹಾಕಿದವನಂತೆ ಕೂರಬೇಕು. ಒಂದು ಲೀಟರನ್ನು ಬೇಗ ಸುರಿದರೂ ಲೀಟರೇ, ನಿಧಾನ ಸುರಿದರೂ ಲೀಟರೇ. ಅಷ್ಟು ಹೊತ್ತು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಇವಳಿಗೆ ಆಗಬೇಕಾದ್ದೇನು? ಒಮ್ಮೆ ನನ್ನ ಕೋಣೆಯ ಬೀರುವಿನ ಬಾಗಿಲು ಕಿರುಗುಟ್ಟಿದ್ದು ಕೇಳಿಸಿತು. ಕೇಳಿದರೆ "ನಿಮ್ಮ ಬಟ್ಟೆ ಮಡಿಸಿಟ್ಟೆ" ಎಂದಳು.

ಇವಳು ಹಿಂದೆ ದೊಡ್ಡ ಆಸ್ಪತ್ರೆಯಲ್ಲಿದ್ದಳಲ್ಲ, ಅಲ್ಲಿಂದ ಯಾಕೆ ಬಿಟ್ಟಳು? ನಿನ್ನ ತಮ್ಮನಿಗೂ ಸರಿಯಾಗಿ ಗೊತ್ತಿಲ್ಲ. ವಿಚಾರಿಸುವುದು ಒಳ್ಳೆಯದು.

ಹುಷಾರಾಗಿರು. ತಲೆಯಿಂದ ಹೆಲ್ಮೆಟ್ ತೆಗೆಯಬೇಡ.

ನಿನ್ನ ಅಪ್ಪ


ಜೂನ್ 10

ಅಪ್ಪನಿಗೆ,

ಕಾಗದವನ್ನು ಎರಡು ಸಲ ಓದಿದೆ. ಗಾಯವನ್ನು ಮುಚ್ಚಿಟ್ಟಿದ್ದಕ್ಕೆ ನಿಮ್ಮನ್ನು ಬೈಯಬೇಕು, ಆದರೆ ಈಗ ಬೈದು ಏನು ಪ್ರಯೋಜನ.

ಇಲ್ಲಿ ಸರ್ವೇಯಲ್ಲಿ ನಾವು ಒಬ್ಬರ ಅಳತೆಯನ್ನು ಇನ್ನೊಬ್ಬರು ನೋಡದೆ ಒಪ್ಪುವುದಿಲ್ಲ. ಬೆಟ್ಟದ ಆ ಕಡೆಯಿಂದ ಒಂದು ಗುಂಪು, ಈ ಕಡೆಯಿಂದ ಒಂದು ಗುಂಪು ಕೊರೆಯುತ್ತಿರುವಾಗ ನಂಬಿಕೆಯ ಮೇಲೆ ಬಿಟ್ಟರೆ ಎರಡು ಸುರಂಗ ಆದೀತು. ಅಲ್ಲಿ ನೋಡಿದರೆ ಬೆರೆಸುವವಳೂ ಅವಳೇ, ಹಾಕುವವಳೂ ಅವಳೇ, ಸರಿಯಾಗಿದೆ ಎನ್ನುವವಳೂ ಅವಳೇ. ನನಗೆ ಇದು ಹಿಡಿಸಲಿಲ್ಲ.

ಅವಳಿಗೆ ಬೇರೆ ಕಾಗದ ಬರೆದು ಕೇಳಬೇಕಾದ್ದನ್ನೆಲ್ಲ ಕೇಳಿದ್ದೇನೆ. ಹಿಂದಿನ ಕೆಲಸದ ವಿಷಯವನ್ನೂ ಕೇಳಿದ್ದೇನೆ. ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ. ನೀವು ಖಾಲಿ ಬಾಟಲಿಗಳನ್ನು ಎಸೆಯಲು ಬಿಡಬೇಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿರಿ.

ನಿಮ್ಮ ಮಗಳು


ಜೂನ್ 17

ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ಪ್ರಶ್ನೆಗಳನ್ನು ಇನ್ನೂ ಸ್ವಲ್ಪ ಮೆತ್ತಗೆ ಕೇಳಬಹುದಿತ್ತು. ಆದರೂ ಉತ್ತರ ಬರೆಯುತ್ತೇನೆ, ಯಾಕೆಂದರೆ ಕೇಳುವುದು ತಪ್ಪಲ್ಲ. ರಕ್ತಕ್ಕೆ ನೇರವಾಗಿ ಹೋಗುವ ಔಷಧಿಯ ವಿಷಯದಲ್ಲಿ ಮನೆಯವರು ಕೇಳಲೇಬೇಕು.

ಬೆನ್ನು ಹಾಕಿ ಬೆರೆಸುವುದು ಯಾಕೆಂದರೆ ಮೇಜು ಇರುವುದು ಕಿಟಕಿಯ ಹತ್ತಿರ, ಬೆಳಕು ಅಲ್ಲೇ. ಮಾವ ಮಾತು ನಿಲ್ಲಿಸುವುದಿಲ್ಲ. ತೋಳಿನ ಕೊಳವೆ ಸೀದಾ ಹೃದಯದ ಹತ್ತಿರದವರೆಗೆ ಹೋಗಿದೆ, ಅದರ ಬಾಯಿಗೆ ಕೊಳೆ ತಾಗಿದರೆ ಕಾಲಿನ ಸೋಂಕಿನ ಜೊತೆ ರಕ್ತದ ಸೋಂಕೂ ಅಂಟಿಕೊಳ್ಳುತ್ತದೆ. ಕೈ ತೊಳೆಯುವುದನ್ನು ಮಾವ ನಾಟಕ ಎನ್ನುತ್ತಾರೆ. ಅನ್ನಲಿ, ನಾನು ಇನ್ನೂ ನಿಧಾನವಾಗಿ ತೊಳೆಯುತ್ತೇನೆ.

ವಾರಕ್ಕೊಮ್ಮೆ ರಕ್ತ ತೆಗೆಯುವುದು ಹಣ ಕೀಳಲು ಅಲ್ಲ. ಈ ಔಷಧಿ ಕಡಿಮೆಯಾದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಹೆಚ್ಚಾದರೆ ಕಿಡ್ನಿಗೆ ಏಟು. ರಕ್ತದಲ್ಲಿ ಎಷ್ಟಿದೆ ಎಂದು ನೋಡಿ ಡಾಕ್ಟರು ಪ್ರಮಾಣ ಹೇಳುತ್ತಾರೆ. ನಾನು ಹೇಳುವುದಲ್ಲ. ಕಿವಿಯಲ್ಲಿ ಗುಂಯ್ ಎಂದರೆ, ಮೂತ್ರ ಕಡಿಮೆಯಾದರೆ, ಚಳಿಜ್ವರ ಬಂದರೆ ತಕ್ಷಣ ಹೇಳಿ ಎಂದು ಮಾವನಿಗೆ ಹೇಳಿದ್ದೇನೆ. "ಅದೆಲ್ಲ ಬರಲಿ ಅಂತ ನೀನು ಕಾಯ್ತಿದೀಯಾ?" ಎಂದು ಕೇಳಿದರು.

ಗಾಲಿಯನ್ನು ಬಿಗಿ ಮಾಡುವುದೂ ಬೇಕೆಂದೇ. ಈ ಔಷಧಿ ರಕ್ತಕ್ಕೆ ನಿಧಾನವಾಗಿಯೇ ಇಳಿಯಬೇಕು. ಎರಡು ಗಂಟೆ ನನಗೂ ಕಷ್ಟ. ಮಧ್ಯದಲ್ಲಿ ಮಗಳನ್ನು ಶಾಲೆಯಿಂದ ಕರೆತರಬೇಕು, ಆ ಸ್ವಲ್ಪ ಹೊತ್ತು ಮಾವ ಒಬ್ಬರೇ ಇರುತ್ತಾರೆ. ಹಾಗೆ ಬಿಟ್ಟು ಹೋಗಬಾರದು, ಅದು ನನ್ನ ತಪ್ಪೇ. ಬೇರೆ ದಾರಿ ಕಾಣಲಿಲ್ಲ. ಇತ್ತೀಚೆಗೆ ನಾನು ವಾಪಸ್ ಬರುವಷ್ಟರಲ್ಲಿ ಬಾಟಲಿಯಲ್ಲಿ ಇರಬೇಕಾದಷ್ಟು ಇರುವುದಿಲ್ಲ. ನಾನಿಲ್ಲದಾಗ ಗಾಲಿ ಮುಟ್ಟಬೇಡಿ ಎಂದು ನೀವೇ ಅವರಿಗೆ ಒಂದು ಮಾತು ಬರೆಯಿರಿ. ನಾನು ಹೇಳಿದರೆ ಅದಕ್ಕೆ ಬೇರೆಯೇ ಅರ್ಥ ಹುಟ್ಟುತ್ತದೆ.

ದೊಡ್ಡ ಆಸ್ಪತ್ರೆ ಬಿಟ್ಟದ್ದು ಹೆರಿಗೆಗೆ. ಅದರಲ್ಲಿ ಗುಟ್ಟೇನಿಲ್ಲ. ಈಗ ಮಗು ಶಾಲೆಗೆ ಹೋಗುತ್ತಿದೆ. ಡಾಕ್ಟರಮ್ಮ ಡ್ರಿಪ್ ಹಾಕಿಸಿಕೊಂಡು ಅಂದೇ ಮನೆಗೆ ಹೋಗುವವರಿಗಾಗಿ ಒಂದು ಹೊಸ ವಾರ್ಡು ತೆರೆಯುತ್ತಿದ್ದಾರೆ, ಮಾವನ ಆರು ವಾರ ಮುಗಿದ ಮೇಲೆ ನನ್ನನ್ನು ಅಲ್ಲಿಗೆ ತೆಗೆದುಕೊಳ್ಳುತ್ತೇನೆ ಎಂದಿದ್ದಾರೆ. ನನಗೆ ಆ ಕೆಲಸ ತುಂಬಾ ಬೇಕಾಗಿದೆ ಅತ್ತಿಗೆ. ಇದನ್ನು ನಿಮ್ಮ ತಮ್ಮನನ್ನು ಬಿಟ್ಟರೆ ನಿಮಗೆ ಮಾತ್ರ ಹೇಳಿದ್ದೇನೆ.

ನಿಮ್ಮ ತಮ್ಮನ ಹೆಂಡತಿ


ಜೂನ್ 26

ಮಗಳೇ,

ನಾನು ಹೇಳಲಿಲ್ಲವೇ? ಆಗಬಾರದ್ದು ಆಗಿಯೇ ಹೋಯಿತು.

ನಿನ್ನೆ ಮಧ್ಯಾಹ್ನದ ಡ್ರಿಪ್ಪು ಹಾಕಿ ಅವಳು ಶಾಲೆಗೆ ಹೋದಳು. ಸ್ವಲ್ಪ ಹೊತ್ತಿಗೆ ತಲೆಯಲ್ಲಿ ತುರಿಕೆ ಶುರುವಾಯಿತು. ಆಮೇಲೆ ಕತ್ತು, ಎದೆ, ಬೆನ್ನು. ಎದುರಿನ ಕನ್ನಡಿಯಲ್ಲಿ ನೋಡಿಕೊಂಡರೆ ಮುಖವೆಲ್ಲ ಕೆಂಪು, ಯಾರೋ ಕೆನ್ನೆಗೆ ಬಾರಿಸಿದ ಹಾಗೆ. ಎದೆ ಹೊಡೆದುಕೊಳ್ಳುತ್ತಿದೆ, ತಲೆ ಸುತ್ತುತ್ತಿದೆ, ಕೂಗೋಣವೆಂದರೆ ಮನೆಯಲ್ಲಿ ಯಾರೂ ಇಲ್ಲ. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ಅವಳು ಬಂದಳು. ಈಗ ನಾನು ಹೇಳುವುದನ್ನು ಸರಿಯಾಗಿ ಓದು. ಬಾಗಿಲು ತೆರೆದವಳು "ಏನಾಯ್ತು ಮಾವ" ಎಂದು ಕೇಳಲಿಲ್ಲ. ಸೀದಾ ಬಂದು ಮೊದಲು ಗಾಲಿ ಮುಚ್ಚಿದಳು! ಆಮೇಲೆ ಮುಖ ನೋಡಿದಳು, ಬಿ.ಪಿ. ನೋಡಿದಳು, ಕಾಲು ಎತ್ತರಿಸಿ ಮಲಗಿಸಿದಳು, ಡಾಕ್ಟರಿಗೆ ಫೋನು ಮಾಡಿ ಅವರು ಹೇಳಿದ ಇಂಜೆಕ್ಷನ್ ಕೊಟ್ಟಳು. ಸ್ವಲ್ಪ ಹೊತ್ತಿನಲ್ಲಿ ಕೆಂಪು ಇಳಿಯಿತು. ಆದರೆ ಎಲ್ಲಿ ಕೈ ಹಾಕಬೇಕು ಎಂದು ಅವಳಿಗೆ ಮುಂಚೆಯೇ ಹೇಗೆ ಗೊತ್ತಿತ್ತು? ಕಲ್ಲು ಬೆರೆಸಿದವನಿಗೇ ಮೂಟೆಯಲ್ಲಿ ಕಲ್ಲು ಎಲ್ಲಿದೆಯೆಂದು ಗೊತ್ತಿರುತ್ತದೆ.

ಮೂರು ವಾರ ಒಗ್ಗಿದ ಔಷಧಿ ನಿನ್ನೆ ಯಾಕೆ ಒಗ್ಗಲಿಲ್ಲ? ಒಂದೋ ಅವಳು ಬಾಟಲಿ ಬದಲಿಸಿದ್ದಾಳೆ, ಇಲ್ಲವೇ ಏನನ್ನೋ ಸೇರಿಸಿದ್ದಾಳೆ. ಸಾಯಂಕಾಲ ನನ್ನ ಎದುರು ನಿಂತು, "ಮಾವ, ಗಾಲಿ ಏನಾದ್ರೂ ತಾಗ್ತಾ?" ಎಂದು ಕೇಳುತ್ತಾಳೆ. ನನ್ನ ಮೇಲೆಯೇ ಹೊರಿಸುವ ಉಪಾಯ! ಆಚೆ ಹೋಗು ಎಂದೆ.

ಇವತ್ತಿನಿಂದ ನಾನು ತೋಳು ಕೊಡುತ್ತಿಲ್ಲ. ಡಾಕ್ಟರಮ್ಮ ಫೋನು ಮಾಡಿ ಈಗಲೇ ಬನ್ನಿ ಎಂದರು. ನನ್ನ ಮಗಳ ಉತ್ತರ ಬರುವವರೆಗೆ ಎಲ್ಲಿಗೂ ಬರುವುದಿಲ್ಲ ಎಂದಿದ್ದೇನೆ. ನೀನೇ ಏನಾದರೂ ಮಾಡು.

ನಿನ್ನ ಅಪ್ಪ


ಜುಲೈ 1

ಮಾನ್ಯ ಡಾಕ್ಟರಿಗೆ,

ನಿಮ್ಮಲ್ಲಿ ಕಾಲಿನ ಮೂಳೆ ಸೋಂಕಿಗೆ ಚಿಕಿತ್ಸೆ ಪಡೆಯುತ್ತಿರುವ, ನಿವೃತ್ತ ತೂಕ ಮತ್ತು ಅಳತೆ ಇನ್‌ಸ್ಪೆಕ್ಟರ ಮಗಳು ನಾನು. ಜೂನ್ ಇಪ್ಪತ್ತೈದರಂದು ಔಷಧಿ ಹೋಗುತ್ತಿರುವಾಗ ನನ್ನ ತಂದೆಯ ಮೈ ಕೆಂಪಾಗಿ, ತುರಿಕೆಯಾಗಿ, ಪ್ರಾಣಕ್ಕೆ ಬಂದಿತ್ತು. ಇದು ಅಲರ್ಜಿ ಎನ್ನಲು ಇನ್ನೇನು ಬೇಕು? ದಯವಿಟ್ಟು ಅದನ್ನು ಅವರ ಫೈಲಿನಲ್ಲಿ ದಾಖಲಿಸಿ, ಈ ಔಷಧಿಯನ್ನು ನಿಲ್ಲಿಸಿ, ಬೇರೆಯದನ್ನು ಕೊಡಿ.

ಅಲರ್ಜಿ ಅಲ್ಲವೆಂದಾದರೆ ಔಷಧಿ ಬೆರೆಸಿದವರ ಕೈವಾಡವನ್ನು ವಿಚಾರಿಸಬೇಕಾಗುತ್ತದೆ. ನನ್ನ ತಮ್ಮನ ಹೆಂಡತಿಯನ್ನು ನೀವು ನಂಬಿದ್ದೀರಿ, ಹೊಸ ವಾರ್ಡಿಗೂ ತೆಗೆದುಕೊಳ್ಳುವವರಿದ್ದೀರಿ ಎಂದು ಕೇಳಿದೆ. ಇನ್ನೊಮ್ಮೆ ಯೋಚಿಸಿ. ಇನ್ನು ಮುಂದೆ ಅವಳು ನನ್ನ ತಂದೆಗೆ ಯಾವ ಇಂಜೆಕ್ಷನ್ನನ್ನೂ ಕೊಡಕೂಡದು.

ಇಂತಿ,
ರೋಗಿಯ ಮಗಳು


ಜುಲೈ 6

ಮಗಳೇ,

ನಿನ್ನ ಕಾಗದ ಡಾಕ್ಟರಮ್ಮನ ಕೈಸೇರಿತು. ನನಗೂ ಬರೆದಿದ್ದೆಯಲ್ಲ, ಡಾಕ್ಟರ ಹತ್ತಿರ ಹೋಗಿ ಎಂದು. ಹೋದೆ. ಹೋಗದೆ ವಿಧಿಯೂ ಇರಲಿಲ್ಲ, ಡ್ರಿಪ್ಪು ನಿಲ್ಲಿಸಿದ ಮೇಲೆ ಕಾಲು ಮತ್ತೆ ಊದಿ ಗಾಯ ಒಸರಲು ಶುರುವಾಗಿತ್ತು. ನಿನ್ನ ತಮ್ಮ ಪಾಳಿಯಲ್ಲಿದ್ದ, ಹಾಗಾಗಿ ಅವಳೇ ಆಟೋ ಕರೆದು ಕೂರಿಸಿಕೊಂಡು ಹೋದಳು. ದಾರಿಯುದ್ದಕ್ಕೂ ನಾನು ಆ ಕಿಟಕಿ, ಅವಳು ಈ ಕಿಟಕಿ.

ಡಾಕ್ಟರಮ್ಮ ಕಾಲು ಬಿಚ್ಚಿ ನೋಡಿದರು. ಅವರ ಮುಖ ಗಂಭೀರವಾಯಿತು. ನಿನ್ನ ಕಾಗದವನ್ನು ಮೇಜಿನ ಮೇಲೆ ಹರಡಿ ಅವಳ ಎದುರೇ ಗಟ್ಟಿಯಾಗಿ ಓದಿದರು, ಮೊದಲಿಂದ ಕೊನೆಯವರೆಗೆ. ಅವಳು ನೆಲ ನೋಡುತ್ತಿದ್ದಳು.

"ನೋಡಿ ಸ್ವಾಮಿ," ಎಂದರು, "ಅಲರ್ಜಿ ಅಂತ ಒಂದ್ಸಲ ಬರೆದ್ರೆ ಈ ಔಷಧಿ ಇನ್ನು ನಿಮ್ಮ ಹತ್ರ ಸುಳಿಯೋ ಹಾಗಿಲ್ಲ. ನಿಮ್ಮ ಬ್ಯಾಕ್ಟೀರಿಯಾಗೆ ಲ್ಯಾಬಿನವರು ಹೇಳಿರೋದು ಎರಡೇ ಔಷಧಿ. ಇನ್ನೊಂದು ಪ್ಲೇಟ್‌ಲೆಟ್ ಇಳಿಸುತ್ತೆ, ನಿಮಗೆ ಮೊದಲೇ ಕಡಿಮೆ. ಅದನ್ನ ವಾರಗಟ್ಟಲೆ ಕೊಡೋಕೆ ನಂಗೆ ಧೈರ್ಯ ಇಲ್ಲ. ಎರಡೂ ಇಲ್ಲ ಅಂದ್ರೆ ಸರ್ಜನ್ ಹತ್ರ ಹೋಗ್ಬೇಕು. ಪಾದ ಉಳಿಯಲ್ಲ."

ನಾನು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ.

"ಆದ್ರೆ ಇದು ಅಲರ್ಜಿನೇ ಆಗಿರ್ಬೇಕು ಅಂತಿಲ್ಲ. ಈ ಔಷಧಿ ಜೋರಾಗಿ ಹರಿದ್ರೆ ಎಂಥವರಿಗೂ ಹೀಗೇ ಆಗುತ್ತೆ. ಮುಖ, ಕತ್ತು ಕೆಂಪಾಗಿ ತುರಿಕೆ ಬರುತ್ತೆ, ಬಿ.ಪಿ. ಇಳಿಯುತ್ತೆ. ನಿಧಾನ ಮಾಡಿದ್ರೆ ಮತ್ತೆ ಕೊಡಬಹುದು. ಅದಕ್ಕೇ ಕೇಳ್ತಿದೀನಿ. ಆವತ್ತು ಬಾಟ್ಲಿ ಎಷ್ಟು ಬೇಗ ಇಳೀತು? ಯಾರಾದ್ರೂ ಗಾಲಿ ಜಾಸ್ತಿ ಬಿಟ್ಟಿದ್ರಾ?"

ಆವತ್ತು ಕಣ್ಣು ಮುಚ್ಚಿಕೊಂಡು ಕೂತಿದ್ದೆ, ನನಗೆ ಗೊತ್ತಿಲ್ಲ ಎಂದೆ. ಡಾಕ್ಟರಮ್ಮ ಪೆನ್ನು ತೆಗೆದರು. "ಹಾಗಾದ್ರೆ ಅಲರ್ಜಿ ಅಂತಾನೇ ಬರೀಬೇಕಾಗುತ್ತೆ. ಗೊತ್ತಿಲ್ದೆ ನಾನು ಮತ್ತೆ ಕೊಡೋಕಾಗಲ್ಲ."

ಆಗ ಅವಳು ತಲೆಯೆತ್ತಿದಳು.

"ನಾನೇ ಡಾಕ್ಟರೇ. ಮಗೂನ ಕರ್ಕೊಂಡು ಬರೋಕೆ ಹೊತ್ತಾಗಿತ್ತು. ಬೇಗ ಮುಗೀಲಿ ಅಂತ ಗಾಲಿ ಜಾಸ್ತಿ ಬಿಟ್ಟು ಹೋದೆ."

"ನೀವಾ?"

"ಹೌದು."

"ಫೋನ್ ಮಾಡಿದಾಗ ಯಾಕೆ ಹೇಳ್ಲಿಲ್ಲ?"

"ಭಯ ಆಯ್ತು."

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. ಬೈಯಲಿಲ್ಲ. "ಹೊಸ ವಾರ್ಡಿನ ವಿಷಯ ಇನ್ನು ಮಾತಾಡೋದು ಬೇಡ," ಎಂದರು, ಅಷ್ಟೇ. ಅವಳು "ಗೊತ್ತು ಡಾಕ್ಟರೇ" ಎಂದಳು. ಫೈಲಿನಲ್ಲಿ ಅಲರ್ಜಿ ಎಂದು ಬರೆಯಲಿಲ್ಲ. ಅಂದಿನಿಂದ ಆಸ್ಪತ್ರೆಗೇ ಹೋಗಿ ಡ್ರಿಪ್ಪು ಹಾಕಿಸಿಕೊಳ್ಳುತ್ತಿದ್ದೇನೆ. ಇನ್ನೂ ನಿಧಾನ ಮಾಡಿದ್ದಾರೆ, ಪಕ್ಕದಲ್ಲೇ ಒಬ್ಬ ನರ್ಸು ಇರುತ್ತಾಳೆ. ಒಂದು ಸಣ್ಣ ತುರಿಕೆಯೂ ಬಂದಿಲ್ಲ. ಊತ ಇಳಿಯುತ್ತಿದೆ.

ನಿನಗೆ ಸಮಾಧಾನವಾಗಬೇಕು. ಆದರೆ ನನಗೆ ನಿದ್ದೆ ಹತ್ತುತ್ತಿಲ್ಲ ಮಗಳೇ. ಇದರಲ್ಲಿ ಏನೋ ಮಸಲತ್ತಿದೆ. ಕಲಬೆರಕೆ ಮಾಡಿ ಸಿಕ್ಕಿಬಿದ್ದವನು ಅಲ್ಲ ಎನ್ನುತ್ತಾನೆ, ಅಳುತ್ತಾನೆ, ಪಕ್ಕದ ಅಂಗಡಿಯವನ ಮೇಲೆ ಹಾಕುತ್ತಾನೆ. ಅಂಥವರನ್ನೆಲ್ಲ ಕಂಡಿದ್ದೇನೆ. ತಾನು ಮಾಡದ ತಪ್ಪನ್ನು ಕರೆದು ತಲೆ ಮೇಲೆ ಹೊತ್ತುಕೊಂಡವರನ್ನು ನನ್ನ ಸರ್ವೀಸಿನಲ್ಲೇ ಕಂಡಿಲ್ಲ. ಇವಳಿಗೆ ಇದರಿಂದ ಏನು ಲಾಭ? ಅಷ್ಟು ಆಸೆಪಟ್ಟಿದ್ದ ಕೆಲಸವೂ ಹೋಯಿತು. ಮನೆಗೆ ಬಂದು ಎಂದಿನಂತೆ ಚಹಾ ಕೊಟ್ಟಳು. ನಾನು ಅದನ್ನು ಕುಡಿಯಲಿಲ್ಲ. ನಿನಗೇನನ್ನಿಸುತ್ತದೆ?

ನಿನ್ನ ಅಪ್ಪ


ಜುಲೈ 11

ಅಪ್ಪ,

ಅವಳು ಮಾಡಿದ್ದನ್ನು ಒಪ್ಪಿಕೊಂಡಳು ಎಂದು ಓದಿದಾಗ ನಾನು ಹೇಳಿದ್ದೇ ಸರಿಯಾಯಿತು ಎಂದು ಬೀಗಿದೆ. ಇಲ್ಲಿಯ ಅಡುಗೆಯವನಿಗೂ ಹೇಳಿಕೊಂಡು ಬಂದೆ. ಆಮೇಲೆ ಕೊನೆಯ ಭಾಗವನ್ನು ಮತ್ತೆ ಓದಿದೆ. ಜೂನ್ ಹದಿನೇಳರಂದು ಅವಳು ಬರೆದಿದ್ದ ಕಾಗದವನ್ನೂ ತೆಗೆದು ಓದಿದೆ. ಅದರಲ್ಲಿ ಅವಳು ನಿಮಗೊಂದು ಮಾತು ಬರೆಯಿರಿ ಎಂದು ನನ್ನನ್ನು ಕೇಳಿದ್ದಳು. ನಾನು ಬರೆಯಲಿಲ್ಲ.

ಒಂದೇ ಒಂದು ಪ್ರಶ್ನೆ ಕೇಳುತ್ತೇನೆ, ಉತ್ತರಿಸಿ.

ಆ ತಪ್ಪು ಅವಳು ಮಾಡಿದ್ದಲ್ಲ ಎಂದು ನಿಮಗೆ ಹೇಗೆ ಗೊತ್ತು?

ನಿಮ್ಮ ಮಗಳು


ಜುಲೈ 30

ಮಗಳೇ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಎದ್ದು ಹೋದೆ. ಇನ್‌ಸ್ಪೆಕ್ಟರನ ಮಗಳು ನೀನು, ಸರಿಯಾದ ಜಾಗಕ್ಕೇ ಕೈ ಹಾಕಿದೆ.

ಗಾಲಿ ತಿರುಗಿಸುತ್ತಿದ್ದವನು ನಾನು.

ಅವಳು ಚಪ್ಪಲಿ ಹಾಕಿಕೊಂಡು ಗೇಟು ದಾಟಿದ ಸದ್ದು ಕೇಳಿದ ಕೂಡಲೇ ಗಾಲಿಯನ್ನು ಸ್ವಲ್ಪ ಮೇಲೆ ತಳ್ಳುತ್ತಿದ್ದೆ. ಅವಳು ಬರುವ ಹೊತ್ತಿಗೆ ಮತ್ತೆ ಇದ್ದಲ್ಲಿಗೆ. ಮೊದಲ ದಿನಗಳಲ್ಲಿ ಏನೂ ಆಗಲಿಲ್ಲ, ಧೈರ್ಯ ಹೆಚ್ಚಿತು. ಜೂನ್ ಇಪ್ಪತ್ತೈದರಂದು ಪೂರ್ತಿ ಬಿಟ್ಟುಬಿಟ್ಟೆ. ಬಾಟಲಿಯಲ್ಲಿ ಇರುವಷ್ಟೇ ತಾನೇ ಮೈಗೆ ಹೋಗುವುದು, ಬೇಗ ಹೋದರೆ ಏನು, ತಡವಾಗಿ ಹೋದರೆ ಏನು ಎಂದುಕೊಂಡೆ. ಜೀವಮಾನವಿಡೀ ಎಷ್ಟು ಎಂದು ಮಾತ್ರ ನೋಡಿದವನು ನಾನು, ಎಷ್ಟು ಬೇಗ ಎಂದು ಯಾವ ತಕ್ಕಡಿಯೂ ನನಗೆ ಹೇಳಿರಲಿಲ್ಲ. ಅವಳು ನನ್ನನ್ನು ಕಟ್ಟಿಹಾಕಿ ಮನೆಯನ್ನು ತನ್ನ ಕೈಗೆ ತೆಗೆದುಕೊಳ್ಳುತ್ತಿದ್ದಾಳೆ ಎಂಬುದು ತಲೆಗೆ ಹೊಕ್ಕಿತ್ತು, ಗಾಲಿ ತಿರುಗಿಸಿದಾಗಲೆಲ್ಲ ಅವಳ ಕಣ್ಣಿಗೆ ಮಣ್ಣೆರಚಿದೆ ಎಂದು ಖುಷಿಯಾಗುತ್ತಿತ್ತು.

ಮೈ ಕೆಂಪಾದ ದಿನ ಅದು ನನ್ನಿಂದಲೇ ಆದದ್ದು ಎಂದು ಹೊಳೆದಿರಲಿಲ್ಲ, ಇದನ್ನು ನೀನು ನಂಬಬೇಕು. ಡಾಕ್ಟರಮ್ಮ ಬಿಡಿಸಿ ಹೇಳಿದಾಗ ಗೊತ್ತಾಯಿತು. ಅಲ್ಲೇ ಹೇಳಬೇಕಿತ್ತು. ಪಾದ ಹೋಗುತ್ತದೆ ಎಂದು ಕೇಳಿದ ಮೇಲೂ ನಾಲಿಗೆ ಹೊರಳಲಿಲ್ಲ. ಅವಳ ಎದುರು ಹೇಗೆ ಹೇಳಲಿ? ನನ್ನ ಕಾಲಿಗಿಂತ ನನ್ನ ಮರ್ಯಾದೆ ನನಗೆ ಹೆಚ್ಚಾಯಿತು. ಅವಳು ನನ್ನ ಮುಖ ನೋಡಿದಳು, ಎಲ್ಲ ಅರ್ಥ ಮಾಡಿಕೊಂಡಳು, ಆಮೇಲೇ ಬಾಯಿ ತೆರೆದಳು.

ಮೊನ್ನೆ ಡ್ರಿಪ್ಪಿಗೆ ಹೋದಾಗ ಡಾಕ್ಟರಮ್ಮನ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಜಾಗಕ್ಕೆ ಹೋದ ವಾರಾನೇ ಬೇರೆಯವರನ್ನ ತಗೊಂಡೆ ಸ್ವಾಮಿ. ಇದನ್ನ ಆವತ್ತೇ ಹೇಳಿದ್ರೆ ನಿಮ್ಮ ಕಾಲಿನ ಜೊತೆ ಅವರ ಕೆಲಸಾನೂ ಉಳೀತಿತ್ತು" ಎಂದರು.

ಮನೆಗೆ ಬಂದರೆ ಅವಳು ಬಟ್ಟೆ ಮಡಿಸುತ್ತಿದ್ದಳು. ಹೇಳಿ ಬಂದಿದ್ದೇನೆ ಎಂದೆ. ಹೂಂ ಎಂದಳು.

"ಯಾಕಮ್ಮಾ ಹಾಗಂದೆ ಆವತ್ತು? ನಾನು ನಿನ್ನ ಬಗ್ಗೆ ಏನೇನು ಬರೆದಿದ್ದೆ ಗೊತ್ತಾ ನಿಂಗೆ?"

"ಗೊತ್ತು ಮಾವ. ಅತ್ತಿಗೆ ಕಾಗದಾನ ಡಾಕ್ಟರು ಓದಿದ್ರಲ್ಲ, ಅದ್ರಲ್ಲೇ ಗೊತ್ತಾಯ್ತು."

"ಮತ್ಯಾಕೆ?"

"ಕೆಲಸ ಇನ್ನೊಂದು ಹುಡುಕ್ಕೋಬಹುದು ಅಂದ್ಕೊಂಡೆ. ಕಾಲು ಹುಡುಕ್ಕೊಳ್ಳೋಕಾಗಲ್ವಲ್ಲ."

ಇಷ್ಟು ಹೇಳಿ ನನ್ನ ಅಂಗಿಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ನಾಚಿಕೆ ಎಂದರೆ ಏನೆಂದು ಈ ವಯಸ್ಸಿನಲ್ಲಿ ಗೊತ್ತಾಯಿತು. ಅವಳು ಈಗ ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡುತ್ತಾಳೆ. ಮಾವ ಎನ್ನುತ್ತಾಳೆ, ಊಟಕ್ಕೆ ಕರೆಯುತ್ತಾಳೆ, ಅದರಾಚೆಗೆ ಏನಿಲ್ಲ. ಅವಳಿಗೆ ಹೇಗೆ ಮುಖ ತೋರಿಸಬೇಕು ಎಂದು ನನಗೆ ಗೊತ್ತಿಲ್ಲ. ನಿನಗೆ ಗೊತ್ತಿದ್ದರೆ ಬರೆ. ನೀನೂ ಅವಳಿಗೆ ಬರೆಯಬೇಕಾದ್ದು ಇದೆ.

ನಿನ್ನ ಅಪ್ಪ


ಆಗಸ್ಟ್ 21

ಅತ್ತಿಗೆಯವರಿಗೆ,

ನಿಮ್ಮ ಕಾಗದಗಳು ಬಂದವು. ಮೂರೂ ಬಂದವು. ಮೊದಲೆರಡಕ್ಕೆ ಉತ್ತರ ಬರೆಯಲು ಮನಸ್ಸು ಬರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಮಾವನ ಕಾಲಿನ ಸುದ್ದಿ ಮೊದಲು. ಗಾಯ ಒಣಗಿದೆ. ಮೊನ್ನೆ ಕೊನೆಯ ಡ್ರಿಪ್ಪು ಮುಗಿಯಿತು. ನಡುವೆ ನಿಂತದ್ದರಿಂದ ಡಾಕ್ಟರು ಆರು ವಾರವನ್ನು ಮೊದಲಿನಿಂದ ಎಣಿಸಿದರು, ಕೊನೆಯ ದಿನಗಳಲ್ಲಿ ಮನೆಯಲ್ಲೇ ಹಾಕಿ ಎಂದು ನನಗೇ ಹೇಳಿದರು. ರಕ್ತ ಪರೀಕ್ಷೆಯಲ್ಲಿ ಕಿಡ್ನಿ ಸರಿಯಿದೆ. ಕೊಳವೆ ತೆಗೆದಾಗ ಮಾವ ತೋಳು ನೋಡಿಕೊಂಡು "ಇಷ್ಟೇನಾ?" ಎಂದರು. ಇನ್ನು ಅವರು ಗಾಯವಾದರೆ ಮುಚ್ಚಿಡುವುದಿಲ್ಲ ಎಂದು ನಾನು ನಂಬುವುದಿಲ್ಲ, ದಿನಾ ಸಂಜೆ ಪಾದ ತೋರಿಸಿ ಎಂದಿದ್ದೇನೆ. ತೋರಿಸುತ್ತಾರೆ, ಗೊಣಗಿಕೊಂಡೇ.

ನನ್ನ ಕೆಲಸದ ಬಗ್ಗೆ ಕೇಳಿದ್ದೀರಿ. ಆ ಜಾಗ ಹೋಯಿತು. ಯಾರಾದರೂ ರಜೆ ಹಾಕಿದರೆ ಡಾಕ್ಟರಮ್ಮ ಕರೆಯುತ್ತಾರೆ, ಹೋಗಿ ಬರುತ್ತೇನೆ. ಆ ದಿನ ಮಗಳನ್ನು ಶಾಲೆಯಿಂದ ಮಾವನೇ ಕರೆತರುತ್ತಾರೆ, ಕೋಲು ಊರಿಕೊಂಡು. ಮತ್ತೆ ಜಾಗ ಖಾಲಿಯಾದರೆ ನೋಡೋಣ ಎಂದಿದ್ದಾರೆ. ಯಾವಾಗ ಎಂದು ಗೊತ್ತಿಲ್ಲ. ಹೊಸಬಳು ಅಲ್ಲಿ ಓಡಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದನ್ನು ನಿಮಗೆ ಹೇಳಬೇಕು ಅನ್ನಿಸಿತು.

ಡಾಕ್ಟರಿಗೆ ಬರೆದ ಕಾಗದಕ್ಕೆ ನೀವು ಕ್ಷಮೆ ಕೇಳಿದ್ದೀರಿ. ಆ ಕಾಗದವನ್ನು ಅವರು ನನ್ನ ಎದುರು ಗಟ್ಟಿಯಾಗಿ ಓದಿದರು. ಕೆಲಸದ ವಿಷಯ ನಾನು ನಿಮ್ಮನ್ನು ನಂಬಿ ಹೇಳಿದ್ದು, ನೀವು ಅದನ್ನೇ ಹಿಡಿದು ಬರೆದಿರಿ. ಮಾವ ಮಾಡಿದ್ದು ತಿಳಿಯದೆ, ನೀವು ಮಾಡಿದ್ದು ತಿಳಿದೇ. ನನಗೆ ಮಾವನ ಮೇಲಿನ ಸಿಟ್ಟು ಇಳಿದಿದೆ. ನಿಮ್ಮ ಮೇಲಿನದು ಇಳಿದಿಲ್ಲ.

ಕ್ಷಮಿಸಿದ್ದೇನೆ ಎಂದು ಒಂದು ಸಾಲು ಬರೆದರೆ ನಿಮಗೂ ನಿದ್ದೆ ಬರುತ್ತದೆ, ನಿಮ್ಮ ತಮ್ಮನೂ ಅದನ್ನೇ ಹೇಳಿದರು. ಬರೆಯೋಣವೆಂದು ಪೆನ್ನು ಹಿಡಿದೆ. ಆದರೆ ಈ ಮನೆಗಾಗಿ ನಾನು ಒಂದು ಸುಳ್ಳು ಹೇಳಿಯಾಗಿದೆ ಅತ್ತಿಗೆ. ಇನ್ನೊಂದು ನನ್ನ ಕೈಲಾಗುವುದಿಲ್ಲ.

ರಜೆ ಸಿಕ್ಕಿದಾಗ ಬನ್ನಿ. ಎದುರು ಬದುರು ಕೂತು ಜಗಳವಾಡೋಣ.

ನಿಮ್ಮ ತಮ್ಮನ ಹೆಂಡತಿ